ವೈರಸ್ ಸೋಂಕು ಮತ್ತು ದೇಹದ ರೋಗರಕ್ಷಣೆ: ಗಣಿತ ಮಾದರಿಗಳ ಚಾರಿತ್ರಿಕ ವಿಕಾಸ

ಪೀಠಿಕೆ

ಮಾನವ ದೇಹದೊಳಗೆ ವೈರಸ್ ವೃದ್ಧಿಯಾಗುವ ಹಾಗೂ ದೇಹವು ಅದನ್ನು ಎದುರಿಸುವ ಕ್ರಿಯೆಯನ್ನು ಗಣಿತದ ಭಾಷೆಯಲ್ಲಿ ನಿರೂಪಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾಯಿತು. ಮೊದಲ ಮೂರು ದಶಕಗಳ ಕಾಲ ಅದು ಬಹುಮಟ್ಟಿಗೆ ಗಣಿತಜ್ಞರ ಮತ್ತು ಭೌತವಿಜ್ಞಾನಿಗಳ ವಲಯದಲ್ಲಿಯೇ ಉಳಿದಿತ್ತು. 1995ರಲ್ಲಿ ಈ ಸ್ಥಿತಿ ಬದಲಾಯಿತು. ಎಚ್‌ಐವಿ ಸೋಂಕಿನ ಬಗ್ಗೆ ವೈದ್ಯಲೋಕದಲ್ಲಿ ಬೇರೂರಿದ್ದ ಒಂದು ಮುಖ್ಯ ಗ್ರಹಿಕೆಯನ್ನು ಆ ವರ್ಷ ಅತ್ಯಂತ ಸರಳವಾದ ಲೆಕ್ಕಾಚಾರವೊಂದು ತಲೆಕೆಳಗು ಮಾಡಿತು.

ಆ ಲೆಕ್ಕಾಚಾರಕ್ಕೆ ಬಳಸಿದ ಸಮೀಕರಣದಲ್ಲಿ ಹೊಸತೇನೂ ಇರಲಿಲ್ಲ. ಅದಕ್ಕಿಂತ ಎಷ್ಟೋ ಜಟಿಲವಾದ ಸಮೀಕರಣಗಳನ್ನು ವಿದ್ವಾಂಸರು ಅದಕ್ಕೆ ಮುಂಚೆಯೇ ರಚಿಸಿದ್ದರು. ಹಾಗಿದ್ದರೂ ಫಲ ದೊರೆತದ್ದು ಸರಳ ಸಮೀಕರಣದಿಂದ. ಇದಕ್ಕೆ ಎರಡು ಕಾರಣಗಳಿದ್ದವು: ರಕ್ತದಲ್ಲಿನ ವೈರಸ್ ಪ್ರಮಾಣವನ್ನು ನಿಖರವಾಗಿ ಅಳೆಯುವ ವಿಧಾನ ಕೈಗೆ ಬಂದಿತ್ತು, ದೇಹದೊಳಗಿನ ಸಮತೋಲವನ್ನು ಥಟ್ಟನೆ ಕದಡಬಲ್ಲ ಔಷಧಿಯೂ ಸಿದ್ಧವಾಗಿತ್ತು. ಇವೆರಡೂ ಒದಗಿದೆಡೆ ಮಾದರಿಗಳು ಚಿಕಿತ್ಸೆಗೆ ದಾರಿ ತೋರಿದವು. ಒದಗದೆಡೆ ಅವುಗಳ ನಿರ್ಣಯಗಳು ತಿದ್ದುಪಡಿಗೆ ಒಳಗಾದವು. ಈ ಕ್ಷೇತ್ರದ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಮುದಾಯದ ಲೆಕ್ಕದಿಂದ ದೇಹದ ಲೆಕ್ಕಕ್ಕೆ

ಸಾಂಕ್ರಾಮಿಕ ರೋಗಗಳಿಗೆ ಗಣಿತವನ್ನು ಅನ್ವಯಿಸುವ ಪರಂಪರೆ ಹಳೆಯದು. ಡೇನಿಯಲ್ ಬರ್ನೂಲಿ 1760ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಸಿಡುಬಿನ ವಿರುದ್ಧ ಎಲ್ಲರಿಗೂ ಚುಚ್ಚುಹಾಕಿಸಿದರೆ ಸರಾಸರಿ ಆಯುಸ್ಸು ಸುಮಾರು 3 ವರ್ಷ ಹೆಚ್ಚುವುದೆಂದು ಗಣಿಸಿದ್ದನು. ಮಲೇರಿಯಾ ಹರಡುವಲ್ಲಿ ಸೊಳ್ಳೆಯ ಪಾತ್ರವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸಾಬೀತುಪಡಿಸಿದ, ಅದಕ್ಕೆ ಮುಂಚೆ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್, ರೋಗಪ್ರಸಾರವನ್ನು ಸಮೀಕರಣಗಳ ಮೂಲಕ ವಿವರಿಸಿದರು. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಆಂಡರ್ಸನ್ ಮೆಕೆಂಡ್ರಿಕ್ ಅವರು ವಿಲಿಯಂ ಕೆರ್ಮ್ಯಾಕ್ ಜೊತೆಗೂಡಿ 1927ರಲ್ಲಿ ಪ್ರಕಟಿಸಿದ ಪ್ರಸಿದ್ಧ ಮಾದರಿಯನ್ನು 1905-06ರ ಮುಂಬಯಿ ಪ್ಲೇಗಿನ ಅಂಕಿಅಂಶಗಳೊಡನೆ ಹೋಲಿಸಿ ನೋಡಲಾಗಿತ್ತು.

ಈ ಎಲ್ಲ ಮಾದರಿಗಳಲ್ಲಿ ಎಣಿಕೆಯ ಘಟಕ ಮನುಷ್ಯ. ಸೋಂಕು ತಗುಲಬಹುದಾದವರು, ತಗುಲಿದವರು, ಚೇತರಿಸಿಕೊಂಡವರು ಅಥವಾ ಸತ್ತವರು ಎಂಬ ವರ್ಗಗಳಲ್ಲಿ ಜನರನ್ನು ವಿಂಗಡಿಸಿ, ಒಂದು ವರ್ಗದಿಂದ ಇನ್ನೊಂದಕ್ಕೆ ಅವರು ಸಾಗುವ ದರವನ್ನು ಲೆಕ್ಕ ಹಾಕಲಾಗುತ್ತಿತ್ತು. ದೇಹದೊಳಗೆ ಏನು ನಡೆಯುತ್ತದೆ ಎಂಬುದು ಈ ಲೆಕ್ಕದ ಹೊರಗೆ ಉಳಿದಿತ್ತು. ಅದನ್ನು ಲೆಕ್ಕದೊಳಕ್ಕೆ ತರಬೇಕಾದರೆ ರೋಗರಕ್ಷಣಾ ವ್ಯವಸ್ಥೆಯನ್ನು ಜೀವಕೋಶಗಳ ಸಂಖ್ಯೆಯಾಗಿ ಕಾಣುವ ಸಿದ್ಧಾಂತ ಬೇಕಿತ್ತು. ಫ್ರ್ಯಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮುಂದಿಟ್ಟ ಸಿದ್ಧಾಂತ ಈ ಕೊರತೆಯನ್ನು ತುಂಬಿತು. ದೇಹದಲ್ಲಿ ಅಸಂಖ್ಯ ಬಗೆಯ ರಕ್ಷಕ ಜೀವಕೋಶಗಳು ಮೊದಲೇ ಇರುತ್ತವೆ; ಒಳಹೊಕ್ಕ ಪರಕೀಯ ವಸ್ತುವಿಗೆ ಹೊಂದುವ ಜೀವಕೋಶ ಮಾತ್ರ ಆಯ್ಕೆಗೊಂಡು, ವಿಭಜನೆಯಾಗಿ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಆಯ್ಕೆ, ವೃದ್ಧಿ, ನಾಶ ಇವು ಮೂರೂ ಸಂಖ್ಯೆಗೆ ಒಗ್ಗುವ ಕ್ರಿಯೆಗಳಾದುದರಿಂದ ಗಣಿತಕ್ಕೆ ಇಲ್ಲಿ ಪ್ರವೇಶ ದೊರೆಯಿತು.

ಪರಮಾಣು ವಿಜ್ಞಾನದ ಹಿನ್ನೆಲೆ

ಪ್ರತಿಕಾಯಗಳನ್ನೂ ಅವುಗಳನ್ನು ಉತ್ಪಾದಿಸುವ ಜೀವಕೋಶಗಳನ್ನೂ ಸಂಬಂಧಿಸುವ ಒಂದು ಮಾದರಿಯನ್ನು ಹೆಗೆ ಮತ್ತು ಕೋಲ್ 1966ರಲ್ಲಿ ಪ್ರಕಟಿಸಿದರು. ಈ ದಿಕ್ಕಿನಲ್ಲಿ ವ್ಯಾಪಕವಾದ ಕೆಲಸ ನಡೆದದ್ದು ಎರಡು ಕೇಂದ್ರಗಳಲ್ಲಿ. ಒಂದು ಅಮೆರಿಕದ ಲಾಸ್ ಅಲಾಮೋಸ್, ಇನ್ನೊಂದು ಸೋವಿಯತ್ ಒಕ್ಕೂಟ. ಎರಡೂ ಕಡೆ ಈ ಕೆಲಸಕ್ಕೆ ನಾಂದಿ ಹಾಡಿದವರು ಪರಮಾಣು ವಿಜ್ಞಾನದ ಹಿನ್ನೆಲೆಯಿಂದ ಬಂದವರೆಂಬುದು ಗಮನಾರ್ಹ.

ಲಾಸ್ ಅಲಾಮೋಸ್‌ನ ಜಾರ್ಜ್ ಬೆಲ್ ಪರಮಾಣು ರಿಯಾಕ್ಟರುಗಳ ಸಿದ್ಧಾಂತದಲ್ಲಿ ಹೆಸರಾದ ಭೌತವಿಜ್ಞಾನಿ. ಅವರು 1970ರಲ್ಲಿ ಬರ್ನೆಟ್ಟರ ಸಿದ್ಧಾಂತವನ್ನು ಆಧರಿಸಿದ ಗಣಿತ ಮಾದರಿಯನ್ನೂ, 1973ರಲ್ಲಿ ಬೇಟೆಗಾರ ಪ್ರಾಣಿ ಮತ್ತು ಬೇಟೆಯ ಸಂಬಂಧವನ್ನು ವಿವರಿಸುವ ಲೋಟ್ಕಾ-ವೋಲ್ಟೆರಾ ಸಮೀಕರಣಗಳನ್ನು ಪ್ರತಿಕಾಯಗಳಿಗೆ ಅನ್ವಯಿಸಿದ ಪ್ರಬಂಧವನ್ನೂ ಪ್ರಕಟಿಸಿದರು. 1974ರಲ್ಲಿ ಅವರು ಅಲ್ಲಿಯೇ ಸೈದ್ಧಾಂತಿಕ ಜೀವವಿಜ್ಞಾನದ ತಂಡವೊಂದನ್ನು ಸ್ಥಾಪಿಸಿದರು. ಮುಂದೆ ಈ ಕ್ಷೇತ್ರದ ಅಗ್ರಗಣ್ಯ ವಿದ್ವಾಂಸರಾದ ಅಲನ್ ಪೆರೆಲ್ಸನ್ ಈ ತಂಡದಲ್ಲಿಯೇ ಬೆಳೆದವರು.

ಸೋವಿಯತ್ ಒಕ್ಕೂಟದಲ್ಲಿ ಗುರಿ ಮಾರ್ಚುಕ್ ರಿಯಾಕ್ಟರುಗಳಿಗೆ ಸಂಬಂಧಿಸಿದ ಸಂಖ್ಯಾತ್ಮಕ ಗಣಿತದಿಂದ ಆರಂಭಿಸಿ, ವಾಯುಮಂಡಲದ ಅಧ್ಯಯನವನ್ನು ಹಾದು ರೋಗರಕ್ಷಣಾಶಾಸ್ತ್ರಕ್ಕೆ ಬಂದರು. ಈ ವಿಷಯವನ್ನು ಕುರಿತ ಅವರ ಗ್ರಂಥ 1980ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾಯಿತು. 1986ರಿಂದ 1991ರವರೆಗೆ ಅವರು ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರ ಮೂಲ ಮಾದರಿಯಲ್ಲಿ ನಾಲ್ಕು ಚರಗಳಿವೆ: ವೈರಸ್ಸಿನಂಥ ಪ್ರತಿಜನಕದ ಪ್ರಮಾಣ, ಪ್ರತಿಕಾಯಗಳ ಪ್ರಮಾಣ, ಪ್ರತಿಕಾಯಗಳನ್ನು ಉತ್ಪಾದಿಸುವ ಜೀವಕೋಶಗಳ ಸಂಖ್ಯೆ ಹಾಗೂ ಸೋಂಕಿಗೊಳಗಾದ ಅಂಗಕ್ಕೆ ಆದ ಹಾನಿ. ಪ್ರತಿಜನಕ ಒಳಹೊಕ್ಕ ಕ್ಷಣಕ್ಕೂ ಜೀವಕೋಶಗಳು ಸಜ್ಜಾಗುವ ಕ್ಷಣಕ್ಕೂ ನಡುವಣ ವಿಳಂಬವನ್ನು ಈ ಮಾದರಿ ಲೆಕ್ಕಕ್ಕೆ ತೆಗೆದುಕೊಂಡಿತು. ನಿಯತಾಂಕಗಳ ಬೆಲೆಯನ್ನು ಬದಲಿಸಿದಂತೆ ಲಕ್ಷಣಗಳಿಲ್ಲದ ಸೋಂಕು, ತೀವ್ರವಾಗಿ ಬಂದು ವಾಸಿಯಾಗುವ ಕಾಯಿಲೆ, ದೀರ್ಘಕಾಲ ಉಳಿಯುವ ಕಾಯಿಲೆ ಮತ್ತು ಮರಣ ಎಂಬ ನಾಲ್ಕು ಪರಿಣಾಮಗಳೂ ಅದೇ ಸಮೀಕರಣಗಳಿಂದ ಹೊರಟವು.

ಈ ಮಾದರಿಗಳ ವಿಸ್ತಾರ ಮೆಚ್ಚತಕ್ಕದ್ದು. ಆದರೆ ಅವುಗಳಲ್ಲಿನ ಅನೇಕ ನಿಯತಾಂಕಗಳನ್ನು ಜೀವಂತ ಮನುಷ್ಯನಲ್ಲಿ ಅಳೆಯುವ ಉಪಾಯ ಆಗ ಇರಲಿಲ್ಲ. ಯಾವ ಬೆಲೆಯನ್ನು ಕೊಟ್ಟರೆ ಯಾವ ರೋಗದ ಚಿತ್ರ ಬರುತ್ತದೆ ಎಂದು ಹೇಳಬಹುದಾಗಿತ್ತೇ ಹೊರತು, ನಿರ್ದಿಷ್ಟ ರೋಗಿಯ ದೇಹದಲ್ಲಿ ಆ ಬೆಲೆ ಎಷ್ಟೆಂದು ಹೇಳಲಾಗುತ್ತಿರಲಿಲ್ಲ.

1995ರ ಲೆಕ್ಕಾಚಾರ

ಏಡ್ಸ್ ರೋಗ 1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾಯಿತು. ಅದರ ಕಾರಣವಾದ ವೈರಸ್ 1983ರಲ್ಲಿ ಪತ್ತೆಯಾಯಿತು. ಸೋಂಕು ತಗುಲಿದ ಆರಂಭದ ಕೆಲವು ವಾರಗಳಲ್ಲಿ ವೈರಸ್ ಪ್ರಮಾಣ ಒಮ್ಮೆಲೇ ಏರಿ ಇಳಿಯುತ್ತದೆ. ಬಳಿಕ ಚಿಕಿತ್ಸೆಯಿಲ್ಲದಿದ್ದರೂ ಸರಾಸರಿ ಹತ್ತು ವರ್ಷಗಳಷ್ಟು ಕಾಲ ರೋಗಿಯಲ್ಲಿ ಗಂಭೀರ ಲಕ್ಷಣಗಳು ತೋರುವುದಿಲ್ಲ. ಈ ಅವಧಿಯಲ್ಲಿ ವೈರಸ್ ಬಹುಪಾಲು ಸುಪ್ತವಾಗಿರುತ್ತದೆ ಎಂಬ ಭಾವನೆ ಪ್ರಚಲಿತವಾಗಿತ್ತು. ದುಗ್ಧಗ್ರಂಥಿಗಳಲ್ಲಿ ವೈರಸ್ ಚಟುವಟಿಕೆಯಿಂದಿರುವುದನ್ನು 1993ರ ಅಧ್ಯಯನಗಳು ತೋರಿಸಿದ್ದವು. ಅದೇ ವರ್ಷ, ಪಾಲಿಮರೇಸ್ ಸರಣಿ ಕ್ರಿಯೆಯನ್ನು ಆಧರಿಸಿದ ಮಾಪನದಿಂದ, ಸೋಂಕಿನ ಎಲ್ಲ ಹಂತಗಳಲ್ಲಿಯೂ ರಕ್ತದಲ್ಲಿ ವೈರಸ್ ಇರುವುದು ಸ್ಪಷ್ಟವಾಯಿತು. ಆದರೂ ಅದು ಎಷ್ಟು ವೇಗವಾಗಿ ಹುಟ್ಟಿ ಸಾಯುತ್ತದೆ ಎಂಬುದು ತಿಳಿದಿರಲಿಲ್ಲ.

ಈ ತೊಡಕನ್ನು ಕೆರೆಯೊಂದರ ನಿದರ್ಶನದಿಂದ ಅರಿಯಬಹುದು. ಕೆರೆಯ ನೀರಿನ ಮಟ್ಟ ದಿನವೂ ಒಂದೇ ಆಗಿದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು. ಒಳಬರುವ ಕಾಲುವೆಯೂ ಹೊರಬಿಡುವ ತೂಬೂ ಮುಚ್ಚಿರಬಹುದು. ಇಲ್ಲವೆ ಎರಡೂ ತೆರೆದಿದ್ದು, ಬಂದಷ್ಟೇ ನೀರು ಹೋಗುತ್ತಿರಬಹುದು. ಮಟ್ಟವನ್ನು ಎಷ್ಟು ಸಲ ಅಳೆದರೂ ಇವೆರಡರಲ್ಲಿ ಯಾವುದು ನಿಜವೆಂದು ತಿಳಿಯದು. ಕಾಲುವೆಯನ್ನು ಮುಚ್ಚಿ, ಮಟ್ಟ ಇಳಿಯುವ ವೇಗವನ್ನು ನೋಡಿದರೆ ಮಾತ್ರ ಉತ್ತರ ದೊರೆಯುತ್ತದೆ.

ವೈರಸ್ ಪ್ರಮಾಣ ಬದಲಾಗುವ ದರವು, ಉತ್ಪಾದನೆಯಿಂದ ನಿವಾರಣೆಯನ್ನು ಕಳೆದರೆ ಬರುವ ಮೊತ್ತ. ನಿವಾರಣೆಯು ರಕ್ತದಲ್ಲಿರುವ ವೈರಸ್ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ಪ್ರಮಾಣ ಸ್ಥಿರವಾಗಿದ್ದಾಗ ಉತ್ಪಾದನೆಯೂ ನಿವಾರಣೆಯೂ ಸಮ. ಔಷಧಿಯಿಂದ ಉತ್ಪಾದನೆ ನಿಂತರೆ ಪ್ರಮಾಣ ಘಾತೀಯವಾಗಿ ಇಳಿಯುತ್ತದೆ. ಆ ಇಳಿಜಾರಿನಿಂದ ನಿವಾರಣೆಯ ದರವೂ, ಅದರಿಂದ ಔಷಧಿಗೆ ಮುಂಚಿನ ಉತ್ಪಾದನೆಯ ದರವೂ ದೊರೆಯುತ್ತವೆ. ಇಡೀ ಲೆಕ್ಕದ ಸಾರ ಇಷ್ಟೇ.

1995ರ ಜನವರಿ 12ರ ‘ನೇಚರ್’ ಪತ್ರಿಕೆಯಲ್ಲಿ ಈ ತರ್ಕವನ್ನು ಬಳಸಿದ ಎರಡು ಪ್ರಬಂಧಗಳು ಒಟ್ಟಿಗೆ ಪ್ರಕಟವಾದವು. ಒಂದು ನ್ಯೂಯಾರ್ಕಿನ ಡೇವಿಡ್ ಹೋ ಅವರ ತಂಡದ್ದು. ಅದರಲ್ಲಿ ಪೆರೆಲ್ಸನ್ ಭಾಗಿಗಳಾಗಿದ್ದರು. ಇನ್ನೊಂದು ಅಲಬಾಮಾದ ಜಾರ್ಜ್ ಶಾ ಅವರ ತಂಡದ್ದು. ಅದರಲ್ಲಿ ಆಕ್ಸ್‌ಫರ್ಡಿನ ಗಣಿತ ಜೀವವಿಜ್ಞಾನಿ ಮಾರ್ಟಿನ್ ನೋವಾಕ್ ಪಾಲ್ಗೊಂಡಿದ್ದರು. ಹೋ ತಂಡ 20 ರೋಗಿಗಳಿಗೆ, ಶಾ ತಂಡ 22 ರೋಗಿಗಳಿಗೆ ಹೊಸ ಔಷಧಿಗಳನ್ನು ಕೊಟ್ಟು ಅಳತೆ ಮಾಡಿತ್ತು. ವೈರಸ್ ಪ್ರಮಾಣ ಸುಮಾರು 2 ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆಂದು ಎರಡೂ ತಂಡಗಳು ಕಂಡುಕೊಂಡವು. ದಿನವೊಂದಕ್ಕೆ ಕನಿಷ್ಠ 68 ಕೋಟಿ ವೈರಸ್ ಕಣಗಳು ಉತ್ಪತ್ತಿಯಾಗುತ್ತವೆಂದು ಹೋ ತಂಡ ಅಂದಾಜಿಸಿತು.

ಮರುವರ್ಷ ಪೆರೆಲ್ಸನ್ ಮತ್ತು ಸಂಗಡಿಗರು ಐವರು ರೋಗಿಗಳ ರಕ್ತವನ್ನು ಔಷಧಿಯ ಮೊದಲ ದಿನಗಳಲ್ಲಿ ಕೆಲವೇ ಗಂಟೆಗಳಿಗೊಮ್ಮೆ ಪರೀಕ್ಷಿಸಿ, ಎರಡು ಕ್ರಿಯೆಗಳನ್ನು ಬೇರ್ಪಡಿಸಿದರು. ರಕ್ತದಲ್ಲಿ ತೇಲುವ ವೈರಸ್ಸಿನ ಅರ್ಧಾಯು ಸುಮಾರು 6 ಗಂಟೆ; ವೈರಸ್ಸನ್ನು ಉತ್ಪಾದಿಸುವ ಜೀವಕೋಶದ ಅರ್ಧಾಯು ಸುಮಾರು 1.6 ದಿನ, ದೈನಿಕ ಉತ್ಪಾದನೆ ಸುಮಾರು ಸಾವಿರ ಕೋಟಿ ಕಣಗಳು ಎಂಬುದು ಅವರ ನಿರ್ಣಯವಾಗಿತ್ತು. 6 ಗಂಟೆಯ ಅರ್ಧಾಯು ಎಂದರೆ, ಈ ಹೊತ್ತಿನಲ್ಲಿ ರಕ್ತದಲ್ಲಿರುವ ಕಣಗಳ ಪೈಕಿ ನಾಳೆ ಇದೇ ಹೊತ್ತಿಗೆ ಉಳಿಯುವುದು ಹದಿನಾರನೆಯ ಒಂದು ಪಾಲು. ಮಿಕ್ಕ ಹದಿನೈದು ಪಾಲು ಹೊಸತಾಗಿ ಹುಟ್ಟಿದವು. 1999ರಲ್ಲಿ ಬೇರೊಂದು ವಿಧಾನದಿಂದ ನಡೆಸಿದ ಮಾಪನವು ನಿವಾರಣೆ ಇನ್ನೂ ವೇಗವಾಗಿ ನಡೆಯುತ್ತದೆಂದು ತೋರಿಸಿತು. ಹತ್ತು ವರ್ಷಗಳ ಮೌನವೆಂದು ತಿಳಿದಿದ್ದ ಅವಧಿಯಲ್ಲಿ ವೈರಸ್ ಮತ್ತು ದೇಹ ಎರಡೂ ಎಡೆಬಿಡದೆ ದುಡಿಯುತ್ತಿದ್ದವೆಂಬುದು ಹೀಗೆ ಖಚಿತವಾಯಿತು.

ಲೆಕ್ಕದಿಂದ ಚಿಕಿತ್ಸೆಗೆ

ಈ ಸಂಖ್ಯೆಗಳಿಂದ ಚಿಕಿತ್ಸೆಯ ಮೇಲೆ ನೇರ ಪರಿಣಾಮವಾಯಿತು. ಎಚ್‌ಐವಿಯ ತಳಿಸಂಕೇತದಲ್ಲಿ ಸುಮಾರು ಹತ್ತು ಸಾವಿರ ಅಕ್ಷರಗಳಿವೆ. ಒಂದೊಂದು ಸಲ ನಕಲಾಗುವಾಗಲೂ ಸರಿಸುಮಾರು ಮೂವತ್ತು ಸಾವಿರ ಅಕ್ಷರಗಳಿಗೊಂದರಂತೆ ತಪ್ಪು ನುಸುಳುತ್ತದೆ. ಎಂದರೆ ಹೊಸ ನಕಲುಗಳಲ್ಲಿ ಮೂರಕ್ಕೊಂದರಲ್ಲಿ ಒಂದು ತಪ್ಪಾದರೂ ಇರುತ್ತದೆ. ದಿನದ ಉತ್ಪಾದನೆ ಅಗಾಧವಾಗಿರುವುದರಿಂದ, ಯಾವುದೇ ಒಂದು ಅಕ್ಷರದ ಬದಲಾವಣೆ ರೋಗಿಯ ದೇಹದಲ್ಲಿ ದಿನವೂ ಅನೇಕ ಬಾರಿ ಸಂಭವಿಸುತ್ತದೆ. ಒಂದೇ ಬದಲಾವಣೆಯಿಂದ ಪ್ರತಿರೋಧ ಬೆಳೆಯಬಹುದಾದ ಔಷಧಿಯನ್ನು ಒಂಟಿಯಾಗಿ ಕೊಟ್ಟರೆ ಅದು ಬಲುಬೇಗ ನಿಷ್ಫಲವಾಗುವುದು ಇದೇ ಕಾರಣದಿಂದ. ಮೂರು ನಿರ್ದಿಷ್ಟ ಬದಲಾವಣೆಗಳು ಒಂದೇ ನಕಲಿನಲ್ಲಿ ಒಟ್ಟಿಗೆ ಬರುವುದಾದರೋ ಹತ್ತಾರು ಲಕ್ಷ ಕೋಟಿ ನಕಲುಗಳಿಗೊಮ್ಮೆ. ಮೂರು ಔಷಧಿಗಳನ್ನು ಏಕಕಾಲಕ್ಕೆ, ಒಂದು ದಿನವೂ ಬಿಡದೆ ಸೇವಿಸಬೇಕೆಂಬ ನಿಯಮಕ್ಕೆ ಈ ಗಣಿತ ಆಧಾರ ಒದಗಿಸಿತು. ತ್ರಿವಳಿ ಔಷಧಿಯ ಯಶಸ್ಸು 1996ರಲ್ಲಿ ವ್ಯಾಂಕೂವರಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಜಗತ್ತಿಗೆ ತಿಳಿಯಿತು.

ತಿದ್ದುಪಡಿಗೊಳಗಾದ ನಿರ್ಣಯಗಳು

ಇದೇ ವಿಧಾನವನ್ನು ಮುಂದುವರಿಸಿ 1997ರಲ್ಲಿ ಪೆರೆಲ್ಸನ್, ಹೋ ಮತ್ತು ಇತರರು ಇನ್ನೊಂದು ಅಂದಾಜನ್ನು ಮುಂದಿಟ್ಟರು. ಔಷಧಿ ಆರಂಭಿಸಿದ ಮೇಲೆ ವೈರಸ್ ಪ್ರಮಾಣ ಮೊದಲು ವೇಗವಾಗಿ, ಅನಂತರ ನಿಧಾನವಾಗಿ ಎರಡು ಹಂತಗಳಲ್ಲಿ ಇಳಿಯುವುದನ್ನು ಅವರು ಗಮನಿಸಿದರು. ಎರಡನೆಯ ಹಂತದ ವೇಗವನ್ನು ಆಧರಿಸಿ, ವೈರಸ್ಸನ್ನು ಪೂರ್ತಿಯಾಗಿ ತಡೆಯುವ ಚಿಕಿತ್ಸೆ ಮುಂದುವರಿದರೆ ಅಳೆಯಲಾದ ನೆಲೆಗಳಿಂದ ವೈರಸ್ 2.3ರಿಂದ 3.1 ವರ್ಷಗಳಲ್ಲಿ ನಿರ್ಮೂಲವಾಗಬಹುದೆಂದು ಗಣಿಸಿದರು. ಪತ್ತೆಯಾಗದ ಅಡಗುತಾಣಗಳಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾದೀತೆಂಬ ಎಚ್ಚರಿಕೆಯನ್ನೂ ಅದೇ ಪ್ರಬಂಧ ನೀಡಿತ್ತು.

ಅಂಥ ಅಡಗುತಾಣ ಅದೇ ವರ್ಷ ದೃಢಪಟ್ಟಿತು. ಸೋಂಕನ್ನು ಹೊತ್ತೂ ವೈರಸ್ಸನ್ನು ಉತ್ಪಾದಿಸದೆ ವಿಶ್ರಾಂತಿಯಲ್ಲಿರುವ ಸ್ಮೃತಿ ಜೀವಕೋಶಗಳು, ಯಶಸ್ವಿಯಾಗಿ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳಲ್ಲಿಯೂ ಉಳಿದಿರುವುದನ್ನು ಮೂರು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ರಾಬರ್ಟ್ ಸಿಲಿಸಿಯಾನೋ ಅವರ ತಂಡದ ಮಾಪನದ ಪ್ರಕಾರ ಈ ಜೀವಕೋಶಗಳ ಸಮೂಹದ ಅರ್ಧಾಯು ಸುಮಾರು 44 ತಿಂಗಳು. ಹತ್ತು ಲಕ್ಷ ಜೀವಕೋಶಗಳು ಒಂದಕ್ಕೆ ಇಳಿಯಬೇಕಾದರೆ ಸುಮಾರು 20 ಸಲ ಅರ್ಧವಾಗಬೇಕು. 20 ಅರ್ಧಾಯುಗಳೆಂದರೆ 880 ತಿಂಗಳು, ಅರ್ಥಾತ್ 73 ವರ್ಷ. ಮೂರು ವರ್ಷಗಳ ಆಶಾಭಾವನೆ ಜೀವಮಾನವಿಡೀ ಔಷಧಿ ಸೇವಿಸಬೇಕಾದ ವಾಸ್ತವಕ್ಕೆ ಎಡೆಗೊಟ್ಟಿತು. ಎರಡೂ ಸಂದರ್ಭಗಳಲ್ಲಿ ಗಣಿತ ಒಂದೇ. ಮೊದಲನೆಯದರಲ್ಲಿ ಅಳತೆಗೆ ಸಿಕ್ಕದ ಒಂದು ಜೀವಕೋಶ ಸಮೂಹ ಲೆಕ್ಕದಿಂದ ಹೊರಗುಳಿದಿತ್ತು.

ಎರಡನೆಯ ತಿದ್ದುಪಡಿ ರೋಗರಕ್ಷಣೆಗೇ ಸಂಬಂಧಿಸಿದ್ದು. ಔಷಧಿ ಕೊಟ್ಟ ಬಳಿಕ ರಕ್ತದಲ್ಲಿ ಸಿಡಿ-4 ಜೀವಕೋಶಗಳ ಸಂಖ್ಯೆ ಶೀಘ್ರವಾಗಿ ಏರುವುದನ್ನು ಕಂಡು, ದೇಹ ದಿನವೂ ಸುಮಾರು 200 ಕೋಟಿ ಸಿಡಿ-4 ಜೀವಕೋಶಗಳನ್ನು ಹೊಸದಾಗಿ ಸೃಷ್ಟಿಸುತ್ತಿದೆ ಎಂದು 1995ರಲ್ಲಿ ಅರ್ಥೈಸಲಾಗಿತ್ತು. ಈ ಏರಿಕೆಯ ಮೊದಲ ಭಾಗಕ್ಕೆ ಹೊಸ ಉತ್ಪಾದನೆಗಿಂತ, ದುಗ್ಧಗ್ರಂಥಿಗಳಲ್ಲಿ ಸಿಲುಕಿದ್ದ ಜೀವಕೋಶಗಳು ರಕ್ತಕ್ಕೆ ಮರಳುವುದೇ ಹೆಚ್ಚಿನ ಕಾರಣವೆಂಬುದು 1998ರ ಹೊತ್ತಿಗೆ ಕಂಡುಬಂದಿತು. ಸಿಡಿ-4 ಜೀವಕೋಶಗಳ ಬಹುಪಾಲು ಇರುವುದು ರಕ್ತದ ಹೊರಗೆ. ರಕ್ತವೊಂದನ್ನೇ ಅಳೆದು ಇಡೀ ದೇಹದ ಲೆಕ್ಕ ಹೇಳುವಲ್ಲಿನ ಅಪಾಯ ಇದರಿಂದ ಮನವರಿಕೆಯಾಯಿತು.

ರೋಗರಕ್ಷಣೆಯ ಪಾತ್ರ: ಮುಂದುವರಿದ ಚರ್ಚೆ

ಸೋಂಕಿನ ಆರಂಭದಲ್ಲಿ ಏರಿದ ವೈರಸ್ ಪ್ರಮಾಣ ಇಳಿಯಲು ಕಾರಣವೇನು? ದೇಹದ ರಕ್ಷಣಾ ಕ್ರಿಯೆಯೇ ಅದನ್ನು ಇಳಿಸುತ್ತದೆ ಎಂಬುದು ಸಹಜವಾದ ಉತ್ತರ. ಆಂಡ್ರ್ಯೂ ಫಿಲಿಪ್ಸ್ 1996ರಲ್ಲಿ ಇದನ್ನು ಪ್ರಶ್ನಿಸಿದರು. ವೈರಸ್ ತಾನು ಸೋಂಕಿಸಬಹುದಾದ ಜೀವಕೋಶಗಳನ್ನು ಮುಗಿಸಿಬಿಟ್ಟರೆ, ರಕ್ಷಣಾ ಕ್ರಿಯೆಯ ನೆರವಿಲ್ಲದೆಯೂ ಅದೇ ಬಗೆಯ ಏರಿಳಿತ ಉಂಟಾಗಬಲ್ಲದೆಂದು ಅವರ ಮಾದರಿ ತೋರಿಸಿತು. ಉರುವಲು ಮುಗಿದಾಗ ಬೆಂಕಿ ತಾನೇ ಇಳಿಯುವಂತೆ ಇದು. ಒಂದೇ ವಕ್ರರೇಖೆಗೆ ಎರಡು ಭಿನ್ನ ಕಾರಣಗಳು ಸಮನಾಗಿ ಹೊಂದುವಾಗ, ರೇಖೆಯನ್ನು ಮಾತ್ರ ನೋಡಿ ಕಾರಣವನ್ನು ನಿರ್ಧರಿಸಲಾಗದು.

ಇಲ್ಲಿಯೂ ಸಮತೋಲವನ್ನು ಕದಡುವ ಪ್ರಯೋಗವೇ ಬೇಕಾಯಿತು. ಎಚ್‌ಐವಿಗೆ ಹೋಲುವ ವೈರಸ್ ತಗುಲಿದ ಕೋತಿಗಳಲ್ಲಿ ಸಿಡಿ-8 ಜೀವಕೋಶಗಳನ್ನು ತೆಗೆದುಹಾಕಿದಾಗ ವೈರಸ್ ಪ್ರಮಾಣ ಏರುತ್ತದೆಂದು 1999ರ ಪ್ರಯೋಗಗಳು ಸ್ಥಾಪಿಸಿದವು. ಈ ಜೀವಕೋಶಗಳು ವೈರಸ್ಸನ್ನು ಹತೋಟಿಯಲ್ಲಿಡುತ್ತವೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಅವು ಸೋಂಕಿತ ಜೀವಕೋಶಗಳನ್ನು ಕೊಲ್ಲುವುದೇ ಹತೋಟಿಯ ವಿಧಾನವಾಗಿದ್ದರೆ, ಸಿಡಿ-8 ಇಲ್ಲದ ಕೋತಿಗಳಲ್ಲಿ ಸೋಂಕಿತ ಜೀವಕೋಶಗಳು ಹೆಚ್ಚು ಕಾಲ ಬದುಕಬೇಕಿತ್ತು. 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಔಷಧಿ ಕೊಟ್ಟಾಗ ವೈರಸ್ ಇಳಿಯುವ ವೇಗ, ಸಿಡಿ-8 ಇದ್ದ ಹಾಗೂ ಇಲ್ಲದ ಕೋತಿಗಳಲ್ಲಿ ಹೆಚ್ಚುಕಡಮೆ ಒಂದೇ ಆಗಿತ್ತು. ಈ ಜೀವಕೋಶಗಳು ವೈರಸ್ ಉತ್ಪಾದನೆ ಶುರುವಾಗುವ ಮೊದಲೇ ಕೊಲ್ಲುತ್ತಿರಬಹುದು, ಅಥವಾ ಕೊಲ್ಲದೆಯೇ ಉತ್ಪಾದನೆಯನ್ನು ಕುಗ್ಗಿಸುತ್ತಿರಬಹುದು ಎಂಬ ವಿವರಣೆಗಳು ಇದರಿಂದ ಹುಟ್ಟಿದವು. ಮಾರ್ಚುಕ್ ಮತ್ತು ಬೆಲ್ ಒಂದೊಂದು ಸಮೀಕರಣದಲ್ಲಿ ಅಡಕಗೊಳಿಸಿದ್ದ ರಕ್ಷಣಾ ಕ್ರಿಯೆ ಇಷ್ಟು ಬಹುಮುಖವಾದುದು.

ಹೆಪಟೈಟಿಸ್ ಸಿ ಮತ್ತು ಬೆಂಗಳೂರಿನ ಕೊಡುಗೆ

ಎಚ್‌ಐವಿಯಲ್ಲಿ ಪಳಗಿದ ವಿಧಾನವನ್ನು 1998ರಲ್ಲಿ ಅವಿದಾನ್ ನ್ಯೂಮನ್, ಪೆರೆಲ್ಸನ್ ಮತ್ತಿತರರು ಹೆಪಟೈಟಿಸ್ ಸಿ ವೈರಸ್ಸಿಗೆ ಅನ್ವಯಿಸಿದರು. ಇಂಟರ್‌ಫೆರಾನ್ ಚಿಕಿತ್ಸೆಯ ಮೊದಲ ದಿನಗಳ ಮಾಪನದಿಂದ ಈ ವೈರಸ್ಸಿನ ಅರ್ಧಾಯು ಸುಮಾರು 2.7 ಗಂಟೆ ಎಂದೂ, ದೈನಿಕ ಉತ್ಪಾದನೆ ಲಕ್ಷ ಕೋಟಿ ಕಣಗಳಷ್ಟೆಂದೂ ತಿಳಿಯಿತು. ಇಂಟರ್‌ಫೆರಾನ್ ಮುಖ್ಯವಾಗಿ ವೈರಸ್ ಉತ್ಪಾದನೆಯನ್ನು ತಡೆಯುತ್ತದೆ ಎಂಬುದೂ ಇಳಿಕೆಯ ರೂಪದಿಂದಲೇ ನಿರ್ಧಾರವಾಯಿತು.

ಇಂಟರ್‌ಫೆರಾನ್ ಜೊತೆ ಕೊಡುತ್ತಿದ್ದ ರಿಬಾವಿರಿನ್ ಎಂಬ ಔಷಧಿಯ ವಿಷಯದಲ್ಲಿ ಗೊಂದಲವಿತ್ತು. ಅದನ್ನು ಸೇರಿಸಿದರೆ ಹೆಚ್ಚು ರೋಗಿಗಳು ಗುಣಮುಖರಾಗುತ್ತಿದ್ದರು. ಆದರೆ ವೈರಸ್ಸಿನ ಆರಂಭದ ಇಳಿಕೆಯ ಮೇಲೆ ಅದರ ಪ್ರಭಾವ ಕೆಲವು ಅಧ್ಯಯನಗಳಲ್ಲಿ ಕಾಣಿಸಿದರೆ ಕೆಲವದರಲ್ಲಿ ಕಾಣಿಸುತ್ತಿರಲಿಲ್ಲ. ಲಾಸ್ ಅಲಾಮೋಸ್‌ನಲ್ಲಿ ಪೆರೆಲ್ಸನ್ ಅವರೊಡನೆ ಸಂಶೋಧನೆ ನಡೆಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಇಂಜಿನಿಯರಿಂಗ್ ವಿಭಾಗವನ್ನು ಸೇರಿದ ನರೇಂದ್ರ ದೀಕ್ಷಿತ್ ಹಾಗೂ ಸಹಲೇಖಕರು 2004ರಲ್ಲಿ ‘ನೇಚರ್’ನಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು. ಹೊಸದಾಗಿ ಹುಟ್ಟುವ ವೈರಸ್ ಕಣಗಳಲ್ಲಿ ಒಂದು ಪಾಲನ್ನು ರಿಬಾವಿರಿನ್ ಸೋಂಕುಹೀನವಾಗಿಸುತ್ತದೆ ಎಂದು ಅವರ ಮಾದರಿ ಭಾವಿಸಿತು. ಇಂಟರ್‌ಫೆರಾನ್ ಪ್ರಬಲವಾಗಿ ಕೆಲಸ ಮಾಡುವ ರೋಗಿಯಲ್ಲಿ ಹೊಸ ಕಣಗಳೇ ವಿರಳವಾದುದರಿಂದ ರಿಬಾವಿರಿನ್ ಪ್ರಭಾವ ಗೋಚರಿಸದು. ಇಂಟರ್‌ಫೆರಾನ್ ದುರ್ಬಲವಾದಲ್ಲಿ ಅದು ಎದ್ದು ಕಾಣುತ್ತದೆ. ಪರಸ್ಪರ ವಿರುದ್ಧವೆಂದು ತೋರಿದ ಫಲಿತಾಂಶಗಳು ಹೀಗೆ ಒಂದೇ ವಿವರಣೆಯೊಳಗೆ ಹೊಂದಿಕೊಂಡವು. ಮುಂದೆ ಕೋವಿಡ್ ಪಿಡುಗಿನ ಕಾಲದಲ್ಲಿ, ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳ ವೈವಿಧ್ಯವನ್ನೂ ಲಸಿಕೆಯ ರಕ್ಷಣಾ ಸಾಮರ್ಥ್ಯವನ್ನೂ ಸಂಬಂಧಿಸುವ ಮಾದರಿಯೊಂದನ್ನು ದೀಕ್ಷಿತ್ ಅವರ ತಂಡ 2022ರಲ್ಲಿ ಪ್ರಕಟಿಸಿತು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮಾದರಿಗಳ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. ಪದೇಪದೇ ಅಳೆಯಲಾದ ವೈರಸ್ ಪ್ರಮಾಣವನ್ನು ಆಧರಿಸಿದ ನಿರ್ಣಯಗಳು ಮೂಲತಃ ದೃಢವಾಗಿ ನಿಂತವು. ಅಳತೆಗೆ ನಿಲುಕದ ಜೀವಕೋಶಗಳನ್ನೂ ಅಂಗಾಂಶಗಳನ್ನೂ ಕುರಿತ ನಿರ್ಣಯಗಳು ಹೊಸ ಮಾಪನಗಳು ಬಂದಂತೆ ಬದಲಾದವು. ಸಮೀಕರಣವನ್ನು ಹೆಚ್ಚು ಜಟಿಲಗೊಳಿಸುವುದರಿಂದ ಈ ಕೊರತೆ ನೀಗಲಿಲ್ಲ.

ಈ ಗಣಿತದ ಫಲ ಭಾರತಕ್ಕೂ ತಲುಪಿತು. ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸಿಪ್ಲಾ ಸಂಸ್ಥೆ 2001ರಲ್ಲಿ ತ್ರಿವಳಿ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗೂ ಕಡಮೆ ಬೆಲೆಗೆ ಒದಗಿಸುವುದಾಗಿ ಘೋಷಿಸಿತು. 2004ರ ಏಪ್ರಿಲ್ 1ರಂದು ಸರ್ಕಾರದ ಉಚಿತ ಚಿಕಿತ್ಸಾ ಕಾರ್ಯಕ್ರಮ ಆರಂಭವಾಯಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 1995ರ ಲೆಕ್ಕವನ್ನು ಸಾಧ್ಯವಾಗಿಸಿದ ವೈರಸ್ ಪ್ರಮಾಣದ ಪರೀಕ್ಷೆಯನ್ನು 2018ರಲ್ಲಿ ಚಿಕಿತ್ಸೆ ಪಡೆಯುವ ಎಲ್ಲರಿಗೂ ವಿಸ್ತರಿಸುವ ಕಾರ್ಯಕ್ರಮ ಪ್ರಕಟವಾಯಿತು. ಒಂದು ಪೀಳಿಗೆಯ ಹಿಂದೆ ಕೆಲವೇ ಪ್ರಯೋಗಾಲಯಗಳಿಗೆ ಸೀಮಿತವಾಗಿದ್ದ ಅಳತೆಯೊಂದು ಹೀಗೆ ಸಾಮಾನ್ಯ ರೋಗಿಯ ಚಿಕಿತ್ಸೆಯ ಭಾಗವಾಯಿತು. ಔಷಧಿ ಕೆಲಸ ಮಾಡುತ್ತಿದೆಯೇ, ಪ್ರತಿರೋಧ ತಲೆದೋರಿದೆಯೇ ಎಂಬುದನ್ನು ವೈದ್ಯರು ನಿರ್ಧರಿಸುವುದು ಆ ಸಂಖ್ಯೆಯ ಏರಿಳಿತವನ್ನು ನೋಡಿಯೇ.